ಮಸ್ಕತ್‌ನಲ್ಲಿ ಬದುಕು ಶುರು ಮಾಡುವುದು ಹೇಗೆ: ಊರು ಬಿಡುವ ಮೊದಲಿಂದ ಮನೆ, ಶಾಲೆ, ಲೈಸೆನ್ಸ್‌ವರೆಗೆ

ಮಸ್ಕತ್‌ನಲ್ಲಿ ಕೆಲಸ ಸಿಕ್ಕಿದೆ, ಏನೇನು ಮಾಡಬೇಕು ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು. ಕೆಲಸಗಳನ್ನು ಸರಿಯಾದ ಕ್ರಮದಲ್ಲಿ ಮಾಡಿ. ಇಲ್ಲಿ ಒಂದು ಕಾಗದ ಸರಿ ಇದ್ದರೆ ಮಾತ್ರ ಮುಂದಿನ ಕಾಗದ ಆಗುತ್ತದೆ. ಸರಿಯಾದ ವೀಸಾ ಇಲ್ಲದೆ ರೆಸಿಡೆಂಟ್ ಕಾರ್ಡ್ ಇಲ್ಲ, ಆ ಕಾರ್ಡ್ ಇಲ್ಲದೆ ಬ್ಯಾಂಕ್ ಖಾತೆ ಇಲ್ಲ, ಮನೆ ಕರಾರು ಇಲ್ಲ, ಡ್ರೈವಿಂಗ್ ಲೈಸೆನ್ಸ್ ಇಲ್ಲ, ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಮಾತಂತೂ ಇಲ್ಲವೇ ಇಲ್ಲ. ಕ್ರಮ ತಪ್ಪಿದರೆ ಒಂದೇ ಕಚೇರಿಗೆ ನಾಲ್ಕು ಸಲ ಅಲೆಯಬೇಕಾಗುತ್ತದೆ. ಕ್ರಮ ಸರಿಯಿದ್ದರೆ ಈ ಊರಿನಷ್ಟು ಸಲೀಸಾದ ಊರು ಕೊಲ್ಲಿಯಲ್ಲಿ ಬೇರೆ ಇಲ್ಲ ಅಂತಲೇ ನನ್ನ ಅನಿಸಿಕೆ.

ಮೊದಲು ಊರು ಎಂಥದ್ದು ಅಂತ ತಿಳಿಯೋಣ

ಮಸ್ಕತ್ ಒಮಾನ್ ದೇಶದ ರಾಜಧಾನಿ. ಆದರೆ ಬೆಂಗಳೂರಿನ ಹಾಗೆ ಸುತ್ತಲೂ ಹರಡಿದ ಊರಲ್ಲ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬೋಳು ಕಲ್ಲಿನ ಬೆಟ್ಟ, ನಡುವೆ ಉದ್ದಕ್ಕೆ ಚಾಚಿಕೊಂಡ ಪಟ್ಟಿ. ಪೂರ್ವದ ತುದಿಯಲ್ಲಿ ಹಳೇ ಮಸ್ಕತ್, ಅದರ ಪಕ್ಕ ಮತ್ರಾ ಬಂದರು, ಆಮೇಲೆ ರೂವಿ. ಅಲ್ಲಿಂದ ಪಶ್ಚಿಮಕ್ಕೆ ಕುರುಂ, ಅಲ್ ಖುವೈರ್, ಗುಬ್ರಾ, ಅಝೈಬಾ, ವಿಮಾನ ನಿಲ್ದಾಣ, ಮವಾಲೆಹ್, ಸೀಬ್, ಮಾಬೇಲಾ ಅಂತ ಸಾಲಾಗಿ ಬರುತ್ತವೆ. ಇವನ್ನೆಲ್ಲ ಪೋಣಿಸುವುದು ಸುಲ್ತಾನ್ ಖಾಬೂಸ್ ರಸ್ತೆ. ಬೆಟ್ಟದ ಕಡೆಯಿಂದ ಮಸ್ಕತ್ ಎಕ್ಸ್‌ಪ್ರೆಸ್‌ವೇ ಅದಕ್ಕೆ ಜೊತೆಯಾಗಿ ಓಡುತ್ತದೆ. ಈ ನಕ್ಷೆ ತಲೆಯಲ್ಲಿ ಕೂತರೆ ಮನೆ ಎಲ್ಲಿ ಹುಡುಕಬೇಕು, ಮಕ್ಕಳನ್ನು ಯಾವ ಶಾಲೆಗೆ ಹಾಕಬೇಕು ಅನ್ನುವ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕ ಹಾಗೆ.

ಇದು ಶತಮಾನಗಳ ಬಂದರು. 1507ರಲ್ಲಿ ಪೋರ್ಚುಗೀಸರು ಹಿಡಿದರು, 1650ರಲ್ಲಿ ಒಮಾನಿಗಳು ಅವರನ್ನು ಓಡಿಸಿದರು. ಹಳೇ ಮಸ್ಕತ್ ಕೊಲ್ಲಿಯ ಎರಡೂ ಬದಿ ನಿಂತಿರುವ ಜಲಾಲಿ ಮತ್ತು ಮಿರಾನಿ ಕೋಟೆಗಳು ಆ ಕಾಲದವು. ನಮ್ಮ ಕರಾವಳಿಗೂ ಈ ಬಂದರಿಗೂ ನಂಟು ಹಳೆಯದು. ಮಂಗಳೂರಿನ ಅಕ್ಕಿ ಹಡಗು ಹತ್ತಿ ಇಲ್ಲಿಗೆ ಬರುತ್ತಿತ್ತು. ಟಿಪ್ಪು ಸುಲ್ತಾನ್ ಇಲ್ಲಿ ಮೈಸೂರಿನ ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ. ಹಾಗಾಗಿ ಇಲ್ಲಿನವರಿಗೆ ಭಾರತೀಯರು ಹೊಸಬರಲ್ಲ. ನೀವು ಬಂದಿಳಿದ ದಿನದಿಂದಲೇ ಅದು ಗೊತ್ತಾಗುತ್ತದೆ. ಅಂಗಡಿಯಲ್ಲಿ, ಟ್ಯಾಕ್ಸಿಯಲ್ಲಿ ಹಿಂದಿಯಲ್ಲೇ ಮಾತಾಡಿ ಸಾಗಿಸಬಹುದು. ಈಗ ಸರಕು ಹಡಗುಗಳೆಲ್ಲ ಸೊಹಾರ್‌ಗೆ ಹೋಗುತ್ತವೆ. 2014ರಿಂದ ಮತ್ರಾ ಬಂದರು ಪ್ರವಾಸಿ ಹಡಗುಗಳದ್ದು.

ಹಂತ 1: ಊರು ಬಿಡುವ ಮೊದಲು

ಇದೇ ಎಲ್ಲಕ್ಕಿಂತ ಮುಖ್ಯ ಹಂತ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ವಿಸಿಟ್ ವೀಸಾದಲ್ಲಿ ಬನ್ನಿ, ಇಲ್ಲಿ ಬಂದಮೇಲೆ ಎಂಪ್ಲಾಯ್‌ಮೆಂಟ್ ವೀಸಾ ಮಾಡಿಸೋಣ ಅಂತ ಯಾರಾದರೂ ಹೇಳಿದರೆ ಬರಬೇಡಿ. 2023ರ ಅಕ್ಟೋಬರ್ ಕೊನೆಗೆ ಒಮಾನ್ ಸರ್ಕಾರ ಹೀಗೆ ವೀಸಾ ಬದಲಿಸಿಕೊಡುವುದನ್ನು ನಿಲ್ಲಿಸಿತು. ವಿಸಿಟ್ ವೀಸಾದಲ್ಲಿ ಕೆಲಸ ಮಾಡಿದರೆ ಅದು ಕಾನೂನುಬಾಹಿರ. ಸಂಬಳ ಕೊಡದಿದ್ದರೂ ನೀವು ಎಲ್ಲೂ ದೂರು ಕೊಡಲು ಧೈರ್ಯ ಬರದ ಸ್ಥಿತಿಯಲ್ಲಿ ಸಿಕ್ಕಿಬೀಳುತ್ತೀರಿ. ಮನೆಗೆಲಸಕ್ಕೆ ಅಂತ ಹೆಣ್ಣುಮಕ್ಕಳನ್ನು ಕಳಿಸುವವರು ಇದನ್ನು ಇನ್ನೂ ಗಟ್ಟಿಯಾಗಿ ನೆನಪಿಡಬೇಕು. ಇಸಿಆರ್ ಪಾಸ್‌ಪೋರ್ಟ್, ಅಂದರೆ ಕೆಲಸಕ್ಕೆ ಹೊರದೇಶಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕಾಗುವ ಪಾಸ್‌ಪೋರ್ಟ್ ಇರುವ ಹೆಣ್ಣುಮಕ್ಕಳು ಒಮಾನ್‌ನಂಥ ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಕನಿಷ್ಠ 30 ವರ್ಷ ಆಗಿರಬೇಕು, ಅದೂ ಸರ್ಕಾರಿ ನೇಮಕಾತಿ ಸಂಸ್ಥೆಗಳ ಮೂಲಕವೇ ಹೋಗಬೇಕು ಅಂತ ಭಾರತ ಸರ್ಕಾರದ ನಿಯಮ ಇದೆ. ಹಳ್ಳಿಗೆ ಬಂದು ಪಾಸ್‌ಪೋರ್ಟ್ ತೆಗೆದುಕೊಂಡು ಹೋಗುವ ಏಜೆಂಟ್ ಈ ನಿಯಮವನ್ನು ತಪ್ಪಿಸಲೆಂದೇ ವಿಸಿಟ್ ವೀಸಾ ತರುತ್ತಾನೆ.

ನಿಮ್ಮ ಪಾಸ್‌ಪೋರ್ಟ್ ಇಸಿಆರ್ ಆಗಿದ್ದರೆ, ಅಂದರೆ ಎಸ್‌ಎಸ್‌ಎಲ್‌ಸಿ ಪಾಸಾಗದವರಿಗೆ ಸಾಮಾನ್ಯವಾಗಿ ಸಿಗುವ ಪಾಸ್‌ಪೋರ್ಟ್ ಆಗಿದ್ದರೆ, ಭಾರತ ಸರ್ಕಾರದ ಇ-ಮೈಗ್ರೇಟ್ ವ್ಯವಸ್ಥೆಯ ಮೂಲಕ ಎಮಿಗ್ರೇಶನ್ ಕ್ಲಿಯರೆನ್ಸ್, ಅಂದರೆ ಆ ಅನುಮತಿ, ಬೇಕೇ ಬೇಕು. ನಮ್ಮವರಿಗೆ ಇದರ ಕಚೇರಿ ಬೆಂಗಳೂರಿನಲ್ಲಿದೆ. ಏಜೆಂಟರ ನೋಂದಣಿ ಸಂಖ್ಯೆಯನ್ನು ಇ-ಮೈಗ್ರೇಟ್ ಜಾಲತಾಣದಲ್ಲಿ ನೀವೇ ಹಾಕಿ ನೋಡಿ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಲಕ್ಷಗಟ್ಟಲೆ ಕೇಳಿದರೆ ಅಲ್ಲಿಗೇ ಮಾತು ಮುಗಿಸಿ. ಪ್ರವಾಸಿ ಭಾರತೀಯ ಬೀಮಾ ಯೋಜನೆಯ ವಿಮೆಯನ್ನೂ ಮಾಡಿಸಿಕೊಳ್ಳಿ, ಇಸಿಆರ್‌ನವರಿಗೆ ಅದು ಕಡ್ಡಾಯ.

ಇನ್ನು ಸರ್ಟಿಫಿಕೇಟ್‌ಗಳು. ಡಿಗ್ರಿ, ಮದುವೆ ಸರ್ಟಿಫಿಕೇಟ್, ಮಕ್ಕಳ ಜನನ ಪ್ರಮಾಣಪತ್ರ ಇವಿಷ್ಟಕ್ಕೂ ಊರಲ್ಲಿರುವಾಗಲೇ ಅಪೋಸ್ಟಿಲ್, ಅಂದರೆ ಹೊರದೇಶದಲ್ಲೂ ಒಪ್ಪುವ ದೃಢೀಕರಣ, ಮಾಡಿಸಿ. ಮೊದಲು ರಾಜ್ಯ ಮಟ್ಟದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಮುದ್ರೆ. ಒಮಾನ್ 2012ರಿಂದ ಅಪೋಸ್ಟಿಲ್ ಒಪ್ಪುವ ದೇಶ. ಬಂದಮೇಲೆ ನೋಡೋಣ ಅಂತ ಬಿಟ್ಟರೆ ಮೂಲಪ್ರತಿಯನ್ನು ಯಾರ ಕೈಯಲ್ಲಾದರೂ ವಾಪಸ್ ಊರಿಗೆ ಕಳಿಸಬೇಕು, ಮನೆಯವರು ಅಲೆಯಬೇಕು, ಅಷ್ಟರಲ್ಲಿ ತಿಂಗಳುಗಳೇ ಹೋಗುತ್ತವೆ. ಸರ್ಟಿಫಿಕೇಟ್‌ನಲ್ಲಿರುವ ಹೆಸರು ಮತ್ತು ಪಾಸ್‌ಪೋರ್ಟ್ ಹೆಸರು ಅಕ್ಷರ ಅಕ್ಷರ ಹೊಂದುತ್ತದೆಯೇ ನೋಡಿಕೊಳ್ಳಿ. ನಮ್ಮಲ್ಲಿ ಊರ ಹೆಸರು, ಅಪ್ಪನ ಹೆಸರು, ಇನಿಶಿಯಲ್ ಎಲ್ಲ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ ಅಲ್ವಾ, ತೊಂದರೆ ಶುರುವಾಗುವುದೇ ಅಲ್ಲಿ.

ಮೆಡಿಕಲ್ ಪರೀಕ್ಷೆಯನ್ನು ವಾಫಿದ್, ಅಂದರೆ ಕೊಲ್ಲಿ ದೇಶಗಳಿಗೆ ಹೋಗುವವರ ಆನ್‌ಲೈನ್ ಮೆಡಿಕಲ್ ವ್ಯವಸ್ಥೆಯಲ್ಲಿ ಬುಕ್ ಮಾಡಿ, ಅವರು ಹೇಳಿದ ಕೇಂದ್ರದಲ್ಲೇ ಮಾಡಿಸಬೇಕು. ಆಫರ್ ಲೆಟರ್‌ನಲ್ಲಿ ಮೂಲ ವೇತನ ಎಷ್ಟು, ಭತ್ಯೆ ಎಷ್ಟು ಅಂತ ಬೇರೆ ಬೇರೆ ಬರೆಸಿಕೊಳ್ಳಿ. ಕೊನೆಗೆ ಸಿಗುವ ಗ್ರಾಚ್ಯುಟಿ ಲೆಕ್ಕ ಹಾಕುವುದು ಮೂಲ ವೇತನದ ಮೇಲೆ. ಒಟ್ಟು ಮೊತ್ತ ದೊಡ್ಡದಾಗಿ ತೋರಿಸಿ ಮೂಲ ವೇತನ ಚಿಕ್ಕದಿಟ್ಟರೆ ನಷ್ಟ ನಿಮಗೆ.

ಸೂಟ್‌ಕೇಸ್ ವಿಷಯ. ನಿದ್ರೆ ಮಾತ್ರೆ, ಗಟ್ಟಿ ನೋವಿನ ಮಾತ್ರೆ, ಕೋಡೀನ್ ಇರುವ ಕೆಮ್ಮಿನ ಔಷಧಿ ತರಬೇಡಿ. ದಿನವೂ ತೆಗೆದುಕೊಳ್ಳುವ ಮಾತ್ರೆ ಇದ್ದರೆ ಡಾಕ್ಟರ ಚೀಟಿ ಜೊತೆಗಿರಲಿ. ಗಸಗಸೆಯನ್ನಂತೂ ಮನೆಯವರು ಎಷ್ಟು ಪ್ರೀತಿಯಿಂದ ಕಟ್ಟಿಕೊಟ್ಟರೂ ತೆಗೆದಿಟ್ಟು ಬನ್ನಿ, ಕೊಲ್ಲಿಯ ಹಲವು ದೇಶಗಳಲ್ಲಿ ಅದು ಮಾದಕ ವಸ್ತುವಿನ ಲೆಕ್ಕಕ್ಕೆ ಬರುತ್ತದೆ. ಬೇರೆಯವರ ಪೊಟ್ಟಣ ತರಬೇಡಿ, ಗುರುತಿನವರದ್ದಾದರೂ ಬಿಚ್ಚಿ ನೋಡದೆ ತರಬೇಡಿ. ಇಲ್ಲಿನ ಪ್ಲಗ್ ಚೌಕ ಮೂರು ಕಡ್ಡಿಯದ್ದು, ಒಂದು ಅಡಾಪ್ಟರ್ ಇಟ್ಟುಕೊಳ್ಳಿ. ಮಿಕ್ಕಿದ್ದೆಲ್ಲ ಇಲ್ಲೇ ಸಿಗುತ್ತದೆ, ಕುಚಲಕ್ಕಿಯೂ ಸಿಗುತ್ತದೆ.

ಹಂತ 2: ರೆಸಿಡೆಂಟ್ ಕಾರ್ಡ್

ಬಂದಿಳಿದ ಮೇಲೆ ಇಲ್ಲಿಯೂ ಒಂದು ಮೆಡಿಕಲ್ ಇದೆ. ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ. ಅದು ಪಾಸಾದ ಮೇಲೆ ರಾಯಲ್ ಒಮಾನ್ ಪೊಲೀಸ್ ಕಚೇರಿಯಲ್ಲಿ ಬೆರಳಚ್ಚು, ಫೋಟೋ ತೆಗೆದು ಕಾರ್ಡ್ ಕೊಡುತ್ತಾರೆ. ಕಂಪನಿಯ ಪಿಆರ್‌ಒ, ಅಂದರೆ ಸರ್ಕಾರಿ ಕಾಗದ ಪತ್ರ ನೋಡಿಕೊಳ್ಳುವವರು, ನಿಮ್ಮನ್ನು ಕರೆದುಕೊಂಡು ಹೋಗುತ್ತಾರೆ. ಅರ್ಜಿ ತುಂಬಿಸಲು ಬೀದಿಗೊಂದು ಸನದ್ ಸೆಂಟರ್ ಇರುತ್ತದೆ. ಅಲ್ಲಿ ಸಣ್ಣ ಶುಲ್ಕ ಕೊಟ್ಟರೆ ಅರಬ್ಬಿಯಲ್ಲಿ ಟೈಪ್ ಮಾಡಿ ಕಳಿಸಿಕೊಡುತ್ತಾರೆ.

ಈ ಕಾರ್ಡನ್ನು ನಮ್ಮವರು, ಮಲಯಾಳಿಗಳು ಎಲ್ಲ ಬತಾಕಾ ಅಂತಲೇ ಕರೆಯುವುದು. ಅದರ ಮೇಲಿರುವ ಸಿವಿಲ್ ನಂಬರ್ ಬಾಯಿಪಾಠ ಆಗಿರಲಿ. ಆಸ್ಪತ್ರೆಯಿಂದ ಮೊಬೈಲ್ ಅಂಗಡಿಯವರೆಗೆ ಎಲ್ಲರೂ ಕೇಳುವುದು ಅದನ್ನೇ. ಕಾರ್ಡ್ ಸದಾ ಜೇಬಿನಲ್ಲಿರಲಿ. ಅವಧಿ ಮುಗಿಯುವ ತಾರೀಕನ್ನು ಫೋನ್‌ನಲ್ಲಿ ಗುರುತು ಹಾಕಿಡಿ. ನವೀಕರಿಸುವುದು ಕಂಪನಿಯ ಜವಾಬ್ದಾರಿ ನಿಜ, ಆದರೆ ಅವಧಿ ಮೀರಿದ ಕಾರ್ಡ್ ಹಿಡಿದು ವಿಮಾನ ನಿಲ್ದಾಣದಲ್ಲಿ ನಿಲ್ಲುವುದು ನೀವು. ಪಿಆರ್‌ಒಗೆ ಎರಡು ತಿಂಗಳು ಮೊದಲೇ ನೆನಪಿಸಿ. ಪಾಸ್‌ಪೋರ್ಟ್ ನಿಮ್ಮ ಹತ್ತಿರವೇ ಇರಬೇಕು. ನಿಮ್ಮ ಒಪ್ಪಿಗೆ ಇಲ್ಲದೆ ಅದನ್ನು ಇಟ್ಟುಕೊಳ್ಳುವ ಹಕ್ಕು ಕಂಪನಿಗಿಲ್ಲ.

ಹಂತ 3: ಸಿಮ್, ಬ್ಯಾಂಕ್, ದುಡ್ಡಿನ ಲೆಕ್ಕ

ಸಿಮ್ ವಿಮಾನ ನಿಲ್ದಾಣದಲ್ಲೇ ಸಿಗುತ್ತದೆ. ಒಮಾನ್‌ಟೆಲ್, ಊರೆಡೂ, ವೊಡಾಫೋನ್ ಈ ಮೂರು ದೊಡ್ಡವು. ಕಾರ್ಡ್ ಬಂದಮೇಲೆ ಅದರ ಮೇಲೆ ನಂಬರ್ ಮಾಡಿಸಿಕೊಳ್ಳಿ. ವಾಟ್ಸಾಪ್‌ನಲ್ಲಿ ಮೆಸೇಜ್ ಹೋಗುತ್ತದೆ, ಕರೆ ಮಾತ್ರ ಸಾಮಾನ್ಯವಾಗಿ ಕೂಡುವುದಿಲ್ಲ. ಊರಿನಲ್ಲಿರುವ ಅಮ್ಮ ಅಪ್ಪನ ಫೋನಿಗೆ ಗೂಗಲ್ ಮೀಟ್ ಅಥವಾ ಝೂಮ್ ಹಾಕಿಕೊಟ್ಟು, ಎರಡು ಸಲ ಅಭ್ಯಾಸ ಮಾಡಿಸಿ ಬನ್ನಿ. ವಿಪಿಎನ್ ಹಾಕಿ ಮಾತಾಡಬಹುದು ಅಂತ ಹೇಳುವವರು ಸಿಗುತ್ತಾರೆ. ಅನುಮತಿ ಇಲ್ಲದ ವಿಪಿಎನ್‌ಗೆ ಇಲ್ಲಿ ದಂಡ ಇದೆ, ಬೇಡ. ಭಾರತದ ಸಮಯ ಇಲ್ಲಿಗಿಂತ ಒಂದೂವರೆ ಗಂಟೆ ಮುಂದೆ.

ಇಲ್ಲಿನ ನಾಣ್ಯ ರಿಯಾಲ್. ಒಂದು ರಿಯಾಲ್‌ಗೆ ನೂರಲ್ಲ, 1000 ಬೈಸಾ. ಹಾಗಾಗಿ ಬೆಲೆಯಲ್ಲಿ ಚುಕ್ಕಿಯ ನಂತರ ಮೂರು ಅಂಕೆ ಇರುತ್ತದೆ. 1.500 ಅಂದರೆ ಒಂದೂವರೆ ರಿಯಾಲ್. ಚೆಕ್ ಬರೆಯುವಾಗ ಆ ಮೂರು ಅಂಕೆಯನ್ನು ಜೋಪಾನವಾಗಿ ಬರೆಯಿರಿ. 1986ರಿಂದ ಒಂದು ರಿಯಾಲ್‌ಗೆ ಸುಮಾರು 2.6 ಡಾಲರ್ ಅಂತ ದರ ಕಟ್ಟಿಹಾಕಿದ್ದಾರೆ. ಆದ್ದರಿಂದ ರೂಪಾಯಿ ಲೆಕ್ಕದಲ್ಲಿ ನಿಮಗೆ ಕಾಣುವ ಏರಿಳಿತ ಎಲ್ಲ ಡಾಲರ್ ಮತ್ತು ರೂಪಾಯಿ ನಡುವಿನದ್ದು. 1970ರವರೆಗೆ ಇಲ್ಲಿ ಓಡಾಡುತ್ತಿದ್ದದ್ದು ನಮ್ಮ ರಿಸರ್ವ್ ಬ್ಯಾಂಕ್ ಮುದ್ರಿಸಿದ ಗಲ್ಫ್ ರೂಪಾಯಿ.

ಸಂಬಳ ಬ್ಯಾಂಕ್ ಖಾತೆಗೇ ಬರಬೇಕು ಅನ್ನುವುದು ನಿಯಮ. ಕೈಗೆ ನಗದು ಕೊಡುತ್ತೇವೆ ಅಂದರೆ ಒಪ್ಪಬೇಡಿ. ಮುಂದೆ ತಕರಾರು ಬಂದರೆ ಬ್ಯಾಂಕ್ ದಾಖಲೆಯೇ ನಿಮ್ಮ ಸಾಕ್ಷಿ. ಊರಿನಲ್ಲಿರುವ ಮಾಮೂಲಿ ಉಳಿತಾಯ ಖಾತೆಯನ್ನು ಎನ್‌ಆರ್‌ಒಗೆ (ಊರಿನ ಆದಾಯಕ್ಕೆ ಅನಿವಾಸಿಗಳ ಖಾತೆ) ಬದಲಿಸಿ, ದುಡ್ಡು ಕಳಿಸಲು ಎನ್‌ಆರ್‌ಇ ಖಾತೆ (ಹೊರದೇಶದ ಗಳಿಕೆಗೆ ಅನಿವಾಸಿಗಳ ಖಾತೆ) ತೆರೆಯಿರಿ. ಸಂಬಳದ ಮೇಲೆ ಸದ್ಯ ತೆರಿಗೆ ಇಲ್ಲ. 2028ರ ಜನವರಿಯಿಂದ ಆದಾಯ ತೆರಿಗೆ ಬರಲಿದೆ, ಆದರೆ ಅದು ವರ್ಷಕ್ಕೆ 42,000 ರಿಯಾಲ್ ಮೀರಿದ ಆದಾಯಕ್ಕೆ ಮಾತ್ರ, ಶೇಕಡಾ 5ರಂತೆ. ನಮ್ಮಲ್ಲಿ ಹೆಚ್ಚಿನವರಿಗೆ ಅದು ತಟ್ಟುವುದಿಲ್ಲ. ಅಂಗಡಿ ಬಿಲ್‌ನಲ್ಲಿ ಶೇಕಡಾ 5 ವ್ಯಾಟ್ ಮಾತ್ರ 2021ರಿಂದ ಇದೆ.

ಹಂತ 4: ಮನೆ ಹುಡುಕುವುದು

ಮೊದಲ ಕೆಲವು ವಾರ ಕಂಪನಿ ಕೊಟ್ಟ ಜಾಗದಲ್ಲೋ, ಶೇರಿಂಗ್ ರೂಮಿನಲ್ಲೋ ಇದ್ದು ಊರು ನೋಡಿ. ಅವಸರದಲ್ಲಿ ಒಂದು ವರ್ಷದ ಕರಾರಿಗೆ ಸಹಿ ಹಾಕಬೇಡಿ.

ಕಾರಿಲ್ಲದೆ ಬದುಕಬೇಕಾದರೆ ರೂವಿ. ನನ್ನ ಮಟ್ಟಿಗೆ ಹೊಸಬರಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಗದ್ದಲ ಇದೆ, ಕಟ್ಟಡಗಳು ಹಳೆಯವು, ಪಾರ್ಕಿಂಗ್ ಕಷ್ಟ. ಆದರೆ ಬಸ್ ನಿಲ್ದಾಣ, ಮನಿ ಎಕ್ಸ್‌ಚೇಂಜ್, ದೋಸೆ ಹೋಟೆಲ್, ದರ್ಜಿ ಅಂಗಡಿ, ಕ್ಲಿನಿಕ್ ಎಲ್ಲ ನಡೆದು ಹೋಗುವಷ್ಟು ಹತ್ತಿರ. ಪಕ್ಕದ ದಾರ್ಸೈತ್ ಮತ್ತು ವಾದಿ ಕಬೀರ್‌ನಲ್ಲಿ ಭಾರತೀಯ ಕುಟುಂಬಗಳು ಜಾಸ್ತಿ, ಇಂಡಿಯನ್ ಸ್ಕೂಲ್‌ಗಳೂ ಅಲ್ಲೇ ಇವೆ. ಅಲ್ ಖುವೈರ್ ಮತ್ತು ಗುಬ್ರಾ ಊರಿನ ನಡುವೆ ಬರುತ್ತವೆ. ಗಂಡನ ಕಚೇರಿ ಒಂದು ತುದಿ, ಹೆಂಡತಿಯದ್ದು ಇನ್ನೊಂದು ತುದಿ ಆದರೆ ಅಲ್ಲೇ ನೋಡಿ. ಮವಾಲೆಹ್, ಅಲ್ ಖೂದ್, ಮಾಬೇಲಾ ಕಡೆ ಅದೇ ದುಡ್ಡಿಗೆ ದೊಡ್ಡ ಮನೆ ಸಿಗುತ್ತದೆ, ಆದರೆ ರೂವಿಯಲ್ಲಿ ಕೆಲಸ ಇದ್ದು ಅಲ್ಲಿ ಮನೆ ಮಾಡಿದರೆ ಬೆಳಗ್ಗೆ ಸಂಜೆ ಎರಡೂ ಹೊತ್ತು ಟ್ರಾಫಿಕ್‌ನಲ್ಲಿ ಕೂರಬೇಕು. ಬೆಟ್ಟದ ಆಚೆಗಿರುವ ಅಮರಾತ್‌ನಲ್ಲೂ ಬಾಡಿಗೆ ಕಡಿಮೆ. ಅಲ್ಲಿಗೆ ಬೆಟ್ಟ ಕಡಿದು ಮಾಡಿದ ರಸ್ತೆಯಲ್ಲಿ ಹೋಗಬೇಕು, ಸ್ವಂತ ಕಾರು ಇದ್ದರೆ ಮಾತ್ರ ಯೋಚಿಸಿ.

ಬಾಡಿಗೆ ಕರಾರು ಮಸ್ಕತ್ ಮುನ್ಸಿಪಾಲಿಟಿಯಲ್ಲಿ ನೋಂದಣಿ ಆಗಬೇಕು. ನೋಂದಣಿ ಆಗದ ಕರಾರಿಗೆ ಬೆಲೆ ಇಲ್ಲ, ಕುಟುಂಬ ಕರೆಸಿಕೊಳ್ಳುವಾಗಲೂ ಅದನ್ನು ಕೇಳಬಹುದು. ಅನೇಕ ಮಾಲೀಕರು ಮುಂದಿನ ತಾರೀಕು ಹಾಕಿದ ಚೆಕ್‌ಗಳನ್ನು ಕೇಳುತ್ತಾರೆ. ಕೊಡುವಾಗ ಯೋಚಿಸಿ ಕೊಡಿ. ಖಾತೆಯಲ್ಲಿ ದುಡ್ಡಿಲ್ಲದೆ ಚೆಕ್ ವಾಪಸ್ ಆದರೆ ಇಲ್ಲಿ ಅದು ಅಪರಾಧ, ಪೊಲೀಸ್ ಕೇಸ್ ಆಗುತ್ತದೆ. ಸಹಿ ಹಾಕುವ ಮೊದಲು ಹಳೇ ಕರೆಂಟ್ ಬಿಲ್, ನೀರಿನ ಬಿಲ್ ಬಾಕಿ ಇಲ್ಲ ಅಂತ ಕಾಗದ ನೋಡಿ. ಎಸಿಗಳನ್ನು ಒಂದೊಂದಾಗಿ ಹಾಕಿಸಿ, ಹತ್ತು ನಿಮಿಷ ನಿಂತು ನೋಡಿ. ಹಳೇ ಎಸಿ ಇದ್ದರೆ ಜೂನ್ ತಿಂಗಳ ಕರೆಂಟ್ ಬಿಲ್ ಬಾಡಿಗೆಯಷ್ಟೇ ಯೋಚನೆ ತರುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ ಬೆಡ್‌ರೂಮ್ ಬೇಡ. ವಾದಿ, ಅಂದರೆ ಮಳೆ ಬಂದಾಗ ಮಾತ್ರ ನೀರು ಹರಿಯುವ ಹಳ್ಳದ ದಾರಿ, ಅದರ ಪಕ್ಕದ ನೆಲಮಹಡಿಯೂ ಬೇಡ.

ಎರಡು ಸ್ಥಳೀಯ ನಿಯಮ. ರಸ್ತೆಗೆ ಕಾಣುವ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಿದರೆ ಮುನ್ಸಿಪಾಲಿಟಿ ದಂಡ ಹಾಕುತ್ತದೆ. ಕುಟುಂಬಗಳಿರುವ ಬಡಾವಣೆಯಲ್ಲಿ ಬ್ಯಾಚುಲರ್‌ಗಳು ಗುಂಪಾಗಿ ಮನೆ ಮಾಡುವುದಕ್ಕೂ ನಿರ್ಬಂಧ ಇದೆ, ಮೊದಲೇ ಕೇಳಿಕೊಳ್ಳಿ.

ವಿಳಾಸದ ವಿಷಯ ಹೊಸಬರನ್ನು ತಬ್ಬಿಬ್ಬು ಮಾಡುತ್ತದೆ. ಕಾಗದ ಪತ್ರ ಬರುವುದು ಪೋಸ್ಟ್ ಬಾಕ್ಸ್‌ಗೆ, ಹೆಚ್ಚಾಗಿ ಕಂಪನಿಯದ್ದು. ರೂವಿಯ ಪೋಸ್ಟಲ್ ಕೋಡ್ 112. ಮನೆಗೆ ದಾರಿ ಹೇಳುವಾಗ ಎಲ್ಲರೂ ಹೇಳುವುದು ಯಾವುದೋ ಮಸೀದಿ, ಪೆಟ್ರೋಲ್ ಬಂಕ್, ರೌಂಡಬೌಟ್ ಹೆಸರು. ಫೋನ್‌ನಲ್ಲಿ ಲೊಕೇಶನ್ ಕಳಿಸಿಬಿಡಿ.

ಹಂತ 5: ಓಡಾಟ ಮತ್ತು ಲೈಸೆನ್ಸ್

ಮ್ವಸಲಾತ್ ಅನ್ನುವ ಸರ್ಕಾರಿ ಕಂಪನಿಯ ಕೆಂಪು ಬಸ್‌ಗಳು 2015ರಿಂದ ಊರಲ್ಲಿ ಓಡುತ್ತಿವೆ. ಎಸಿ ಇದೆ, ಸ್ವಚ್ಛವಾಗಿವೆ, ಕೆಲವು ನೂರು ಬೈಸಾದಲ್ಲಿ ಊರಿನ ತುದಿಯಿಂದ ತುದಿಗೆ ಹೋಗಬಹುದು. ರೂವಿಯಿಂದ ಮಾಬೇಲಾಗೆ ಹೋಗುವ 1ನೇ ನಂಬರ್ ಬಸ್ಸನ್ನು ಮೊದಲ ರಜೆಯ ದಿನವೇ ಹತ್ತಿ, ಕಿಟಕಿ ಪಕ್ಕ ಕೂತು ಕೊನೇ ನಿಲ್ದಾಣದವರೆಗೆ ಹೋಗಿ ಬನ್ನಿ. ಇಡೀ ಊರು ಪರಿಚಯವಾಗುತ್ತದೆ. ಬಸ್ ಇಳಿದಮೇಲೆ ಮನೆವರೆಗಿನ ಕೊನೆಯ ಕಿಲೋಮೀಟರೇ ಕಷ್ಟ, ಬೇಸಿಗೆಯಲ್ಲಂತೂ ನಡೆಯಲು ಆಗುವುದಿಲ್ಲ.

ಬಿಳಿ ಮತ್ತು ಕಿತ್ತಳೆ ಬಣ್ಣದ ಟ್ಯಾಕ್ಸಿಗಳನ್ನು ಒಮಾನಿಗಳು ಮಾತ್ರ ಓಡಿಸುತ್ತಾರೆ. ಆ ಕೆಲಸ ಅವರಿಗೇ ಮೀಸಲು. ಒ-ಟ್ಯಾಕ್ಸಿ ಆ್ಯಪ್‌ನಲ್ಲಿ ಬುಕ್ ಮಾಡಿದರೆ ದರ ಮೊದಲೇ ಗೊತ್ತಾಗುತ್ತದೆ. ರಸ್ತೆಯಲ್ಲಿ ಕೈ ತೋರಿಸಿ ಹತ್ತುವುದಾದರೆ ಹತ್ತುವ ಮೊದಲೇ ದರ ಮಾತಾಡಿ, ಒಬ್ಬರೇ ಹೋಗುವುದೋ ಶೇರಿಂಗೋ ಅಂತ ಹೇಳಿ. ಹಲವರನ್ನು ಕೂರಿಸಿಕೊಂಡು ಓಡುವ ವ್ಯಾನ್‌ಗಳೂ ಇವೆ, ಅಗ್ಗ.

ಸ್ವಂತ ಕಾರು ಬೇಕು ಅನಿಸುವುದು ಸಹಜ. ಭಾರತದ ಲೈಸೆನ್ಸನ್ನು ಇಲ್ಲಿ ನೇರವಾಗಿ ಬದಲಿಸಿ ಕೊಡುವುದಿಲ್ಲ. ಪರೀಕ್ಷೆ ಕೊಡಲೇಬೇಕು. ಕಣ್ಣು ಪರೀಕ್ಷೆ, ನಿಯಮಗಳ ಪರೀಕ್ಷೆ, ಆಮೇಲೆ ಡ್ರಮ್ ಟೆಸ್ಟ್, ಅಂದರೆ ಡ್ರಮ್‌ಗಳ ನಡುವಿನ ಇಕ್ಕಟ್ಟು ಜಾಗದಲ್ಲಿ ಅವುಗಳಿಗೆ ತಾಗಿಸದೆ ಹಿಂದಕ್ಕೆ ತೆಗೆದು ನಿಲ್ಲಿಸುವುದು, ನಂತರ ಏರಿನಲ್ಲಿ ನಿಲ್ಲಿಸಿ ಹಿಂದೆ ಜಾರದಂತೆ ಹೊರಡುವ ಸ್ಲೋಪ್ ಟೆಸ್ಟ್, ಕೊನೆಗೆ ಪೊಲೀಸ್ ಅಧಿಕಾರಿ ಪಕ್ಕದಲ್ಲಿ ಕೂತು ನೋಡುವ ರೋಡ್ ಟೆಸ್ಟ್. ನಮ್ಮೂರಲ್ಲಿ ಹತ್ತು ವರ್ಷ ಓಡಿಸಿದವರೂ ರೋಡ್ ಟೆಸ್ಟ್‌ನಲ್ಲಿ ಫೇಲ್ ಆಗುತ್ತಾರೆ. ಕಾರಣ ಓಡಿಸಲು ಬರದೆ ಅಲ್ಲ, ಅಭ್ಯಾಸ ಬೇರೆ. ಇಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸಬೇಕು. ರೌಂಡಬೌಟ್‌ನಲ್ಲಿ ಒಳಗೆ ಇರುವವನಿಗೆ ಮೊದಲ ಹಕ್ಕು. ಲೇನ್ ಬದಲಿಸುವಾಗ ಕನ್ನಡಿ ನೋಡಿದರೆ ಸಾಲದು, ಹೆಗಲ ಮೇಲಿಂದ ತಿರುಗಿ ನೋಡಿದ್ದು ಅಧಿಕಾರಿಗೆ ಕಾಣಬೇಕು. ಹಾರ್ನ್ ಮುಟ್ಟಬೇಡಿ. ಟ್ರೈನಿಂಗ್ ಕೊಡುವವರು ಹೆಚ್ಚಾಗಿ ಒಮಾನಿಗಳೇ, ಹಿಂದಿ ಬರುವವರನ್ನು ಹುಡುಕಿಕೊಂಡರೆ ಕಲಿಯುವುದು ಸುಲಭ.

ಲೈಸೆನ್ಸ್ ಬಂದಮೇಲೆ ಮುಲ್ಕಿಯಾ, ಅಂದರೆ ಗಾಡಿಯ ನೋಂದಣಿ ಕಾರ್ಡ್, ಯಾವಾಗಲೂ ಗಾಡಿಯಲ್ಲಿರಲಿ. ಹೆದ್ದಾರಿಯಲ್ಲಿ ರೇಡಾರ್ ಎಲ್ಲ ಕಡೆ ಇವೆ. ಕಾರು ಧೂಳು ಮೆತ್ತಿಕೊಂಡು ಗಲೀಜಾಗಿದ್ದರೂ ದಂಡ ಬೀಳಬಹುದು, ಇದು ನಿಜ.

ಹಂತ 6: ಕೆಲಸದ ಜಾಗದ ಹಕ್ಕುಗಳು

2023ರಲ್ಲಿ ಹೊಸ ಕಾರ್ಮಿಕ ಕಾನೂನು ಬಂದಿದೆ. ವಾರಕ್ಕೆ 40 ಗಂಟೆ ಕೆಲಸ, ವರ್ಷಕ್ಕೆ 30 ದಿನ ಸಂಬಳ ಸಹಿತ ರಜೆ, ಹೆರಿಗೆಗೆ 98 ದಿನ, ಮಗು ಹುಟ್ಟಿದಾಗ ತಂದೆಗೆ 7 ದಿನ. ಪ್ರೊಬೇಶನ್ ಮೂರು ತಿಂಗಳಿಗಿಂತ ಜಾಸ್ತಿ ಇಡುವಂತಿಲ್ಲ. ಪ್ರತಿ ವರ್ಷದ ಸೇವೆಗೆ ಒಂದು ತಿಂಗಳ ಮೂಲ ವೇತನದಷ್ಟು ಗ್ರಾಚ್ಯುಟಿ. ವಾರದ ರಜೆ ಶುಕ್ರವಾರ, ಶನಿವಾರ. ಖಾಸಗಿಯಲ್ಲಿ ಎಷ್ಟೋ ಕಡೆ ಶನಿವಾರವೂ ಕೆಲಸ ಇರುತ್ತದೆ, ಆಫರ್ ಲೆಟರ್‌ನಲ್ಲಿ ನೋಡಿ. ಬಿಸಿಲಲ್ಲಿ ಕೆಲಸ ಮಾಡುವ ಕಟ್ಟಡ ಕಾರ್ಮಿಕರಿಗೆ ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರವರೆಗೆ ಕೆಲಸ ನಿಲ್ಲಿಸಲೇಬೇಕು ಅಂತ ಕಾನೂನಿದೆ.

ಹಳಬರು ಎನ್‌ಒಸಿ, ಅಂದರೆ ಹಳೇ ಕಂಪನಿಯ ಒಪ್ಪಿಗೆ ಪತ್ರ, ಇಲ್ಲದೆ ಕಂಪನಿ ಬಿಡಲು ಆಗುವುದಿಲ್ಲ ಅಂತ ಹೇಳುತ್ತಾರೆ. ಅದು 2020ರವರೆಗಿನ ಮಾತು. 2021ರ ಜನವರಿಯಿಂದ ಕರಾರು ಮುಗಿದ ಮೇಲೆ ಎನ್‌ಒಸಿ ಇಲ್ಲದೆಯೇ ಬೇರೆ ಕಂಪನಿಗೆ ಸೇರಬಹುದು. ಸಂಬಳ ನಿಂತರೆ ಮೂರು ತಿಂಗಳು, ಆರು ತಿಂಗಳು ಅಂತ ಕಾಯುತ್ತಾ ಕೂರಬೇಡಿ. ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಡಿ. ಜೊತೆಗೆ ಭಾರತೀಯ ರಾಯಭಾರ ಕಚೇರಿಗೂ ತಿಳಿಸಿ. ಅಲ್ಲಿ ನಿಯಮಿತವಾಗಿ ಓಪನ್ ಹೌಸ್ ನಡೆಯುತ್ತದೆ, ಯಾರು ಬೇಕಾದರೂ ಹೋಗಿ ಅಧಿಕಾರಿಗಳ ಮುಂದೆ ಕಷ್ಟ ಹೇಳಿಕೊಳ್ಳಬಹುದು. ಭಾರತದ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲೂ ದೂರು ಹಾಕಬಹುದು. ಹೋಗುವಾಗ ಕರಾರಿನ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್, ಮೆಸೇಜ್‌ಗಳು ಎಲ್ಲ ಕೈಯಲ್ಲಿರಲಿ.

ಹಂತ 7: ಕುಟುಂಬ, ಶಾಲೆ, ಡಾಕ್ಟರ್

ಕುಟುಂಬ ವೀಸಾಗೆ ಮದುವೆ ಸರ್ಟಿಫಿಕೇಟ್ ಅಪೋಸ್ಟಿಲ್, ಸಂಬಳದ ದಾಖಲೆ, ಮನೆ ಕರಾರು ಸಿದ್ಧ ಮಾಡಿಕೊಳ್ಳಿ. ಮಕ್ಕಳ ಶಾಲೆಯ ಯೋಚನೆಯನ್ನು ವೀಸಾಕ್ಕಿಂತ ಮೊದಲೇ ಶುರು ಮಾಡಿ. ಇಂಡಿಯನ್ ಸ್ಕೂಲ್ ಮಸ್ಕತ್ 1975ರದ್ದು. ಈಗ ದಾರ್ಸೈತ್, ವಾದಿ ಕಬೀರ್, ಗುಬ್ರಾ, ಬೌಶರ್, ಸೀಬ್, ಮಾಬೇಲಾಗಳಲ್ಲೂ ಇಂಡಿಯನ್ ಸ್ಕೂಲ್‌ಗಳಿವೆ. ಸಿಬಿಎಸ್‌ಇ ಪಠ್ಯ, ಏಪ್ರಿಲ್‌ನಲ್ಲಿ ಶುರು. ಹೆಚ್ಚಿನ ಶಾಲೆಗಳ ಪ್ರವೇಶ ಒಂದೇ ಆನ್‌ಲೈನ್ ಅರ್ಜಿಯಲ್ಲಿ, ವರ್ಷದ ಆರಂಭದಲ್ಲಿ ನಡೆಯುತ್ತದೆ. ಮನೆ ಹತ್ತಿರದ ಶಾಲೆಯೇ ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ. ಆದ್ದರಿಂದ ಶಾಲೆ ಯಾವುದು ಅಂತ ಗೊತ್ತಾದ ಮೇಲೆ ಮನೆ ಗಟ್ಟಿ ಮಾಡುವುದು ಜಾಣತನ.

ಸರ್ಕಾರಿ ಆಸ್ಪತ್ರೆಗಳು ಮುಖ್ಯವಾಗಿ ಒಮಾನಿಗಳಿಗೆ. ನಾವು ಹೋಗುವುದು ಖಾಸಗಿಗೆ. ಭಾರತೀಯ ಡಾಕ್ಟರುಗಳು ಎಲ್ಲ ಕಡೆ ಇದ್ದಾರೆ. ಕಂಪನಿ ವಿಮೆ ಯಾವ ಆಸ್ಪತ್ರೆಗೆ ಒಪ್ಪಿಗೆ, ಹೆರಿಗೆ ಮತ್ತು ಹಲ್ಲು ಸೇರಿದೆಯೇ, ಕುಟುಂಬಕ್ಕೂ ಇದೆಯೇ ಅಂತ ಕಾಯಿಲೆ ಬರುವ ಮೊದಲೇ ಓದಿಟ್ಟುಕೊಳ್ಳಿ. ತುರ್ತು ನಂಬರ್ 9999.

ಊಟ, ಮೀನು, ಸಂತೆ

ಇದಕ್ಕೆ ಹಂತ ಅನ್ನುವ ಲೆಕ್ಕ ಬೇಡ, ಆದರೆ ನನಗೆ ಈ ಊರು ಹತ್ತಿರವಾದದ್ದು ಇಲ್ಲಿಂದಲೇ. ಕರಾವಳಿಯವರಿಗೆ ಮಸ್ಕತ್‌ನಲ್ಲಿ ಮೀನಿನ ಕೊರತೆ ಇಲ್ಲ. ಮತ್ರಾದ ಕಡಲಂಚಿನಲ್ಲಿ 2017ರಲ್ಲಿ ತೆರೆದ ಹೊಸ ಮೀನು ಮಾರುಕಟ್ಟೆ ಇದೆ. ಬೆಳಗ್ಗೆ ಬೇಗ ಹೋಗಿ. ಅಂಜಲ್, ಬೂತಾಯಿ, ಬಂಗುಡೆ, ಕೇದಾರ ಎಲ್ಲ ಸಿಗುತ್ತವೆ. ಕೊಂಡ ಮೀನನ್ನು ಪಕ್ಕದಲ್ಲೇ ಶುಚಿ ಮಾಡಿ, ತುಂಡು ಮಾಡಿ ಕೊಡುತ್ತಾರೆ. ಆಗಸ್ಟ್ 15ರಿಂದ ಅಕ್ಟೋಬರ್ 15ರವರೆಗೆ ಅಂಜಲ್ ಹಿಡಿಯುವುದಕ್ಕೆ ನಿಷೇಧ, ಮೊಟ್ಟೆ ಇಡುವ ಕಾಲ. ಆಗ ಬೇರೆ ಮೀನು ತಿನ್ನಿ. ಸಸ್ಯಾಹಾರಿಗಳಿಗೂ ತೊಂದರೆ ಇಲ್ಲ, ರೂವಿಯಲ್ಲಿ ಇಡ್ಲಿ, ದೋಸೆ, ಊಟದ ಹೋಟೆಲ್‌ಗಳು ಸಾಲಾಗಿವೆ. ತೊಂಡೆಕಾಯಿ, ನುಗ್ಗೆ, ಬಸಳೆ, ಕರಿಬೇವು ದೊಡ್ಡ ಸೂಪರ್ ಮಾರ್ಕೆಟ್‌ಗಳಲ್ಲೇ ಇರುತ್ತವೆ.

ಒಮಾನಿ ಊಟವನ್ನೂ ತಿನ್ನಿ. ಮಸಾಲೆ ಹಚ್ಚಿದ ಮಾಂಸವನ್ನು ನೆಲದೊಳಗಿನ ಒಲೆಯಲ್ಲಿ ದಿನವಿಡೀ ಬೇಯಿಸುವ ಶುವಾ, ಸಂಜೆ ರಸ್ತೆ ಬದಿ ಕೆಂಡದ ಮೇಲೆ ಸುಡುವ ಮಿಶ್ಕಾಕ್, ಏಲಕ್ಕಿ ಹಾಕಿದ ಕಹ್ವಾ, ಅಂದರೆ ಕಾಫಿ, ಜೊತೆ ಖರ್ಜೂರ. ಒಮಾನಿ ಮನೆಗೆ ಕರೆದರೆ ಹೋಗಿ. ಚಪ್ಪಲಿ ಹೊರಗೆ ಬಿಡಿ, ಬಲಗೈಯಲ್ಲಿ ತಿನ್ನಿ. ಕಹ್ವಾ ಸಾಕು ಅನಿಸಿದಾಗ ಪುಟ್ಟ ಬಟ್ಟಲನ್ನು ಕೈಯಲ್ಲಿ ಅಲ್ಲಾಡಿಸಿ, ಇಲ್ಲದಿದ್ದರೆ ಸುರಿಯುತ್ತಲೇ ಇರುತ್ತಾರೆ.

ಅಂಗಡಿಗಳು, ಅದರಲ್ಲೂ ಮತ್ರಾ ಸಂತೆ, ಮಧ್ಯಾಹ್ನ ಒಂದರಿಂದ ಸುಮಾರು ನಾಲ್ಕರವರೆಗೆ ಮುಚ್ಚಿರುತ್ತವೆ. ಶುಕ್ರವಾರ ಬೆಳಗ್ಗೆಯೂ ಹೆಚ್ಚಿನವು ಮುಚ್ಚಿರುತ್ತವೆ.

ನಡತೆ, ಕಾನೂನು

ಒಮಾನಿಗಳು ಮೆದು ಮಾತಿನವರು. ಯಾವ ಕಚೇರಿಗೆ ಹೋದರೂ ಸಲಾಂ ಹೇಳಿ, ಹೇಗಿದ್ದೀರಿ ಅಂತ ಕೇಳಿ, ಆಮೇಲೆ ಕೆಲಸದ ಮಾತು ತೆಗೆಯಿರಿ. ಧ್ವನಿ ಏರಿಸಿದರೆ ಆಗುವ ಕೆಲಸವೂ ನಿಲ್ಲುತ್ತದೆ. ರಸ್ತೆಯಲ್ಲಿ ಬೈದರೂ, ಕೈಸನ್ನೆ ಮಾಡಿದರೂ, ವಾಟ್ಸಾಪ್‌ನಲ್ಲಿ ಬೈದರೂ ಪೊಲೀಸ್ ದೂರು ಆಗಬಹುದು. ಸುಲ್ತಾನರ ಬಗ್ಗೆ, ಧರ್ಮದ ಬಗ್ಗೆ ಹಗುರವಾಗಿ ಬರೆಯಬೇಡಿ, ಊರಿನ ರಾಜಕೀಯದ ಜಗಳವನ್ನೂ ಇಲ್ಲಿ ಕೂತು ಫೇಸ್‌ಬುಕ್‌ನಲ್ಲಿ ಆಡಬೇಡಿ. ಕಷ್ಟದಲ್ಲಿರುವವರಿಗೆ ಅಂತ ಗುಂಪಿನಲ್ಲಿ ಚಂದಾ ಎತ್ತುವುದೂ ಅನುಮತಿ ಇಲ್ಲದೆ ಅಪರಾಧ. ಮನಸ್ಸು ಒಳ್ಳೆಯದಿದ್ದರೂ ಕಾನೂನು ಕಾನೂನೇ. ರಂಜಾನ್ ತಿಂಗಳಲ್ಲಿ ಹಗಲು ಹೊತ್ತು ಹೊರಗೆ ನೀರು ಕೂಡ ಕುಡಿಯುವಂತಿಲ್ಲ. ಹೆಂಗಸರ ಫೋಟೋ, ಸರ್ಕಾರಿ ಕಟ್ಟಡ, ಪೊಲೀಸ್ ಠಾಣೆ ಫೋಟೋ ತೆಗೆಯಬೇಡಿ.

ಪೂಜೆಗೆ ಜಾಗ ಇದೆ. ಹಳೇ ಮಸ್ಕತ್‌ನಲ್ಲಿ ಅರಮನೆ ಹತ್ತಿರವೇ ನೂರು ವರ್ಷಕ್ಕೂ ಹಳೆಯ ಶಿವ ದೇವಸ್ಥಾನ ಇದೆ, ಗುಜರಾತಿ ವ್ಯಾಪಾರಿಗಳು ಕಟ್ಟಿಸಿದ್ದು. ದಾರ್ಸೈತ್‌ನಲ್ಲಿ ಕೃಷ್ಣ ಮಂದಿರ, ರೂವಿ ಮತ್ತು ಗಾಲಾದಲ್ಲಿ ಚರ್ಚ್‌ಗಳಿವೆ. 2001ರಲ್ಲಿ ತೆರೆದ ಸುಲ್ತಾನ್ ಖಾಬೂಸ್ ಮಹಾ ಮಸೀದಿಯನ್ನು ಶುಕ್ರವಾರ ಬಿಟ್ಟು ಬೇರೆ ದಿನ ಬೆಳಗ್ಗೆ ಯಾರು ಬೇಕಾದರೂ ನೋಡಬಹುದು. ಹೆಂಗಸರು ತಲೆಗೆ ಬಟ್ಟೆ ಹಾಕಿಕೊಳ್ಳಬೇಕು.

ಬಿಸಿಲು ಮತ್ತು ವಾದಿ

ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಕಠಿಣ. ರಾತ್ರಿಯೂ ತಂಪಿಲ್ಲ. ಮಸ್ಕತ್ ಗವರ್ನರೇಟ್‌ಗೆ ಸೇರಿದ ಖುರಿಯಾತ್‌ನಲ್ಲಿ 2018ರ ಜೂನ್‌ನಲ್ಲಿ ಒಂದು ಇಡೀ ದಿನ ಉಷ್ಣಾಂಶ 42.6 ಡಿಗ್ರಿಗಿಂತ ಕೆಳಗೆ ಇಳಿಯಲೇ ಇಲ್ಲ. ಮೊದಲ ಸಲ ಬರುವವರಿಗೆ ಆಯ್ಕೆ ಇದ್ದರೆ ನವೆಂಬರ್‌ನಲ್ಲಿ ಬನ್ನಿ, ಮೈ ಹೊಂದಿಕೊಳ್ಳಲು ಸಮಯ ಸಿಗುತ್ತದೆ.

ಮಳೆ ಅಪರೂಪ, ಅದೇ ಅಪಾಯ. ಬೋಳು ಬೆಟ್ಟ ನೀರು ಹೀರುವುದಿಲ್ಲ. ದೂರದ ಬೆಟ್ಟದಲ್ಲಿ ಮಳೆ ಬಿದ್ದರೆ ಇಲ್ಲಿ ಆಕಾಶ ತಿಳಿಯಾಗಿದ್ದರೂ ವಾದಿಯಲ್ಲಿ ನೀರು ಏಕಾಏಕಿ ನುಗ್ಗಿ ಬರುತ್ತದೆ. 2007ರ ಗೋನು ಚಂಡಮಾರುತದಲ್ಲಿ, 2021ರ ಶಾಹೀನ್‌ನಲ್ಲಿ, 2024ರ ಏಪ್ರಿಲ್ ಪ್ರವಾಹದಲ್ಲಿ ಜನ ಸತ್ತಿದ್ದಾರೆ, ಕೊನೆಯದರಲ್ಲಿ ಶಾಲಾ ಮಕ್ಕಳೂ ಇದ್ದರು. ಹರಿಯುವ ವಾದಿಯನ್ನು ಕಾರಲ್ಲಿ ದಾಟಲು ಹೋಗಬೇಡಿ. ಅದಕ್ಕೆ ದಂಡ, ಜೈಲು ಎರಡೂ ಇದೆ. ಮುಂದಿನ ಕಾರು ದಾಟಿತು ಅಂತ ನೀವು ಇಳಿಯಬೇಡಿ, ನೀರು ಇಳಿಯುವವರೆಗೆ ಎತ್ತರದ ಜಾಗದಲ್ಲಿ ಕಾಯಿರಿ.

ಕೊನೆಯ ಹಂತ: ಬಿಟ್ಟು ಹೊರಡುವಾಗ

ಕೆಲಸ ಬಿಡುವ ದಿನ ಬಂದರೆ ಅದಕ್ಕೂ ಕ್ರಮ ಇದೆ. ಮೊದಲು ಬ್ಯಾಂಕ್ ಸಾಲ, ಕ್ರೆಡಿಟ್ ಕಾರ್ಡ್ ಮುಗಿಸಿ ಕಾಗದ ತೆಗೆದುಕೊಳ್ಳಿ. ಸಾಲ ಬಾಕಿ ಇದ್ದು ಕೇಸ್ ಆಗಿದ್ದರೆ ದೇಶ ಬಿಡದಂತೆ ತಡೆಯಬಹುದು. ಕೊಟ್ಟ ಚೆಕ್‌ಗಳನ್ನು ಮನೆ ಮಾಲೀಕರಿಂದ ವಾಪಸ್ ಪಡೆಯಿರಿ, ಒಂದೂ ಉಳಿಯದಂತೆ. ಟ್ರಾಫಿಕ್ ದಂಡ ಕಟ್ಟಿ, ಕಾರನ್ನು ಬೇರೆಯವರ ಹೆಸರಿಗೆ ಮಾಡಿ, ಕರೆಂಟ್, ನೀರು, ಮೊಬೈಲ್ ಖಾತೆ ಮುಚ್ಚಿ. ಮಕ್ಕಳ ಟಿಸಿ ಶಾಲೆಯಿಂದ ತೆಗೆದುಕೊಳ್ಳಿ. ಕುಟುಂಬದ ವೀಸಾ ಮೊದಲು ರದ್ದಾಗಬೇಕು, ಆಮೇಲೆ ನಿಮ್ಮದು. ಕಂಪನಿ ಕೊಡುವ ಕೊನೆಯ ಲೆಕ್ಕದ ಕಾಗದ ಸಾಮಾನ್ಯವಾಗಿ ಅರಬ್ಬಿಯಲ್ಲಿರುತ್ತದೆ. ಓದಿಸಿ ಅರ್ಥ ಮಾಡಿಕೊಳ್ಳಿ, ಗ್ರಾಚ್ಯುಟಿ ಮತ್ತು ಉಳಿದ ರಜೆಯ ದುಡ್ಡು ಖಾತೆಗೆ ಬಿದ್ದ ಮೇಲೆ ಸಹಿ ಹಾಕಿ. ಬ್ಯಾಂಕ್ ಖಾತೆ ಮುಚ್ಚುವುದು ಅದಾದ ಮೇಲೆ.